ಜರ್ಮನಿ ಬಟಾಟೆಯ ರುಚಿ

ಇನ್ನು ಮೇಲೆ ತನ್ನ ಮನೆಯಲ್ಲಿ ಒಗ್ಗರಣೆಯ ಸದ್ದೇ ಕೇಳಕೂಡದು ಎಂದು ಬಸವಂತಪ್ಪ ಸಯನ್‌ನ ತನ್ನ ಪುಟ್ಟ ಫ್ಲ್ಯಾಟಿನಲ್ಲಿ ಫರ್ಮಾನು ಹೊರಡಿಸಿದ. ಹೊರಡಿಸದೇ ಇನ್ನೇನು ಮಾಡಿಯಾನು? ಕಂಪನಿಯ ಖರ್ಚಿನಲ್ಲಿ ಜರ್ಮನಿ, ಸ್ವಿಟ್ಜರ್‌ಲ್ಯಾಂಡ್, ಇಟಲಿ ಸುತ್ತಿ ಬಂದ ನಾಲಿಗೆ ಅದು! ಬಂದ ದಿನದಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟೊಮ್ಯಾಟೊ ಕಂಡರೆ ಇಟಲಿ, ಹಾಲು ಕಾಯಿಸಿದರೆ ಸ್ವಿಟ್ಜರ್‌ಲ್ಯಾಂಡ್, ಬಟಾಟೆ ಕಂಡರಂತೂ ಜರ್ಮನಿಯ ಪುರಾಣವೇ. ಲೋಕಲ್ ರೈಲಿನಲ್ಲಿ ನೆಮ್ಮದಿಯಾಗಿ ವಡಾಪಾವ್ ತಿನ್ನುತ್ತಿದ್ದವರಿಗೂ ಅವನ ಉಪದೇಶ ತಪ್ಪಲಿಲ್ಲ.

“ಬರೇ ನೀರಾಗ ಕುದಿಸಿ ಕೊಡ್ತಾರ. ಖಾರಿಲ್ಲ, ಎಣ್ಣಿಲ್ಲ. ಆದ್ರ ಏನ್ ರುಚಿ ಅಂತೀ! ಮಾಲಿನ ಕ್ವಾಲಿಟಿ ಅಂದ್ರ ಅದು,” ಎಂದು ಹೆಂಡತಿ ಶೈಲಾಗೆ ವರ್ಣಿಸಿದ.

ಅವನ ಬ್ಯಾಗು ಬಿಚ್ಚುತ್ತಿದ್ದ ಶೈಲಾ ಖಾಲಿ ಡಬ್ಬಿಯೊಂದನ್ನು ತೊಳೆಯಲು ಹಾಕಿ, ಅಲ್ಲಿ ಎಲ್ಲವನ್ನೂ ಹಾಗೇ ಸಪ್ಪಗೆ ತಿಂದಿರಾ ಎಂದು ಕೇಳಿದಳು. ಹಾಗೇ ತಿಂದೆ ಎಂದು ಅವನು ಎದೆ ತಟ್ಟಿಕೊಂಡ.

ಈ ಆರ್ಭಟಕ್ಕೆ ಕಾರಣವಿತ್ತು. ಮುಂದಿನ ತಿಂಗಳು ಜಪಾನಿಗೆ ಯಾರನ್ನು ಕಳಿಸುವುದೆಂದು ಗೊತ್ತುಮಾಡುವವರು ಪರೇಲ್ ಆಫೀಸಿನ ಸಾಹೇಬರಾದ, ಬೆಳಗಾವಿ ಮೂಲದ ಚಂದ್ರಾಮ. ಹಿಂದೆ ಹೋದವರೆಲ್ಲ ಊಟ ಒಗ್ಗದೆ ಸೊರಗಿ ಬಂದಿದ್ದರಿಂದ, ಯಾವ ದೇಶದ ಊಟವನ್ನಾದರೂ ಬಾಯಿ ಚಪ್ಪರಿಸಿ ಉಣ್ಣುವವನೇ ಬೇಕೆಂದು ಅವರು ಹೇಳಿಬಿಟ್ಟಿದ್ದರು. ಆ ಮಹಾಪುರುಷ ತಾನೇ ಎಂದು ತೋರಿಸಲು ಬಸವಂತಪ್ಪ ರವಿವಾರ ಅವರನ್ನು ಊಟಕ್ಕೆ ಕರೆದ.

ಅಡುಗೆಯೂ ಅವನದೇ. ಶೈಲಾಗೆ ಅಡುಗೆಮನೆಗೆ ಪ್ರವೇಶವಿಲ್ಲ. ಬಟಾಟೆ ಬೇಯಲಿಟ್ಟು ಬಾಲ್ಕನಿಗೆ ಓಡಿದ, ಸಾಹೇಬರು ಬಂದರೇನೋ ಎಂದು ಇಣುಕಿದ, ಇಟಲಿಯಿಂದಲೇ ಹೊತ್ತು ತಂದ ಪಾಸ್ತಾ ಕದಡಿದ, ಮತ್ತೆ ಓಡಿದ. ಅಂತೂ ಭಾಂಡುಪ್‌ನ ತಮ್ಮ ಮನೆಯಿಂದ ಸಾಹೇಬರು ಬಂದು ಊಟಕ್ಕೆ ಕೂತರು.

ಸಾಹೇಬರು ಮೊದಲ ತುತ್ತು ಅಗಿದರು. ಮತ್ತೆ ಅಗಿದರು. ನೀರು ಕುಡಿದರು. ಬಸವಂತಪ್ಪ ಗಾಬರಿಯಿಂದ ತಾನೂ ಬಾಯಿಗಿಟ್ಟ. ಒದ್ದೆ ಗೋಡೆ ನೆಕ್ಕಿದ ಹಾಗಾಯಿತು! ಉಪ್ಪು ಉದುರಿಸಿದ, ಊಹುಂ. ಮಾಲು ಈ ಊರಿನದು, ಅದಕ್ಕೇ ಹೀಗೆ ಎಂದು ಸಮಜಾಯಿಷಿ ಕೊಟ್ಟ. ಆದರೆ ಇಟಲಿಯ ಪಾಸ್ತಾ ಕೂಡ ಸಪ್ಪೆಯಾಗಿ ಅವನ ಮಾನ ಕಳೆಯಿತು. ಜಪಾನು ಕೈಜಾರುತ್ತಿತ್ತು. ಹಾಗೆ ಚಡಪಡಿಸುವಾಗ ಅವನ ಎಡಗೈ ಸುಮ್ಮನಿರದೆ ತಟ್ಟೆಯ ಪಕ್ಕದಲ್ಲಿ ಏನನ್ನೋ ತಡಕಾಡುತ್ತಲೇ ಇತ್ತು.

“ಏನ್ ಹುಡುಕಾಕತ್ತೀರಿ?” ಎಂದಳು ಶೈಲಾ.

ಅದು ಅವನಿಗೂ ತಿಳಿಯದು. ಶೈಲಾ ಎದ್ದುಹೋಗಿ ಡಬ್ಬಿಯೊಂದನ್ನು ತಂದು, ಆ ಕೈ ತಡಕುತ್ತಿದ್ದ ಜಾಗಕ್ಕೇ ಸರಿಯಾಗಿ ಇಟ್ಟಳು. ಕೈ ತಾನಾಗಿ ಮುಚ್ಚಳ ತೆಗೆಯಿತು, ತಾನಾಗಿ ಬಟಾಟೆಯ ಮೇಲೆ ಉದುರಿಸಿತು. ತುತ್ತು ಬಾಯಿಗೆ ಹೋದದ್ದೇ ಬಸವಂತಪ್ಪನ ಮುಖ ಅರಳಿತು.

“ಹಾಂ, ಇದ ನೋಡ್ರಿ ಸಾಹೇಬ್ರ, ಜರ್ಮನಿ ರುಚಿ ಅಂದ್ರ ಇದ!”

ಸಾಹೇಬರು ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡು ಇಣುಕಿದರು. ಶೇಂಗಾ ಚಟ್ನಿಪುಡಿ.

“ಹೋಗೂವಾಗ ಇಂಥಾದ್ದ ಒಂದು ಡಬ್ಬಿ ತುಂಬಿ ಕೊಟ್ಟಿದ್ದೆ, ಖಾಲಿ ಆಗಿ ಬಂತು,” ಎಂದಳು ಶೈಲಾ ಮೆಲ್ಲಗೆ. “ಮೂರೂ ದೇಶದ ರುಚಿ ಅದರಾಗ ಇತ್ತು.”

ಬಸವಂತಪ್ಪ ತಲೆ ತಗ್ಗಿಸಿದ. ಸಾಹೇಬರು ಬಟಾಟೆ, ಪಾಸ್ತಾ ಎರಡಕ್ಕೂ ಧಾರಾಳವಾಗಿ ಪುಡಿ ಸುರಿದುಕೊಂಡು, ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕಿ ಕೈತೊಳೆದು ಬಂದು ಹೇಳಿದರು:

“ತಂಗಿ, ಜಪಾನಿಗೆ ನಾನ ಹೋಗ್ತೀನಿ. ಒಂದು ಡಬ್ಬಿ ಕಟ್ಟಿಕೊಡು. ಶೇಂಗಾ ಹುರಿಯೂದು ಬಸವಂತಪ್ಪಗ ಹಚ್ಚು, ಕ್ವಾಲಿಟಿ ಅವಗ ಭಾಳ ಗೊತ್ತದ.”