ಕಂಬ ಹತ್ತಿ ಕೆಟ್ಟೆ

ತೆಂಗಿನಮರ ಹತ್ತಿ ಬೆಳೆದವನಿಗೆ ಕರೆಂಟು ಕಂಬ ಯಾವ ಲೆಕ್ಕ ಎಂದುಕೊಂಡೇ ನಾನು ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದು. ಬಸರಾಳು ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿ ಬಿಲ್ಲು ಕೊಡುವ ಗುತ್ತಿಗೆ ನೌಕರ ನಾನು. ಕಾಯಂ ಕೆಲಸಕ್ಕೆ ಅದೇ ಕೊನೆಯ ಅವಕಾಶ; ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ನನ್ನ ಹಾಗೆಯೇ ಮೀಟರ್ ಓದುವ ಗೆಳೆಯ ಮಂಜನೂ ಅರ್ಜಿ ಹಾಕಿದ್ದ. ಮಂಡ್ಯದ ಮೈದಾನದಲ್ಲಿ ಪರೀಕ್ಷೆ. ಕಂಬ ಹತ್ತಬೇಕು, ಆಮೇಲೆ ಓಡಬೇಕು, ಎರಡೂ ಕೊಟ್ಟ ಹೊತ್ತಿನೊಳಗೆ. ಎರಡರಲ್ಲಿ ಒಂದು ಕೈಕೊಟ್ಟರೂ ಮನೆಗೆ.

ಓಟದ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಬಿಲ್ಲು ಜಾಸ್ತಿ ಬಂತೆಂದು ಜನ ಅಟ್ಟಿಸಿಕೊಂಡು ಬಂದಾಗಲೆಲ್ಲ ಓಡಿ ಅಭ್ಯಾಸವಾಗಿತ್ತು.

ಊರಾಚೆ ತಂತಿ ಕಿತ್ತುಹಾಕಿದ್ದ ಹಳೇ ಸಿಮೆಂಟ್ ಕಂಬವೊಂದಿತ್ತು. ಮೊದಲ ದಿನ ಅದನ್ನು ತಬ್ಬಿಕೊಂಡು ಆಳುದ್ದ ಹತ್ತಿ, ಸರ್ರನೆ ಜಾರಿದೆ. ತೆಂಗಿನಮರದಲ್ಲಿ ಕಾಲಿಗೆ ಹಿಡಿತ ಸಿಗುತ್ತದೆ. ಸಿಮೆಂಟ್ ಕಂಬಕ್ಕೆ ನಮ್ಮ ಚರ್ಮವನ್ನೇ ಕೊಡಬೇಕು. ಒಳತೊಡೆ ಎರಡೂ ತರಚಿ ಕೆಂಪಾದವು.

ಮಂಜ ತನ್ನ ಕಾಲು ನೋಡಿಕೊಂಡು, "ಸಾಕು ಕಣ್ಲಾ, ಎರಡು ದಿನ ಬುಟ್ಟು ಬರಾನ" ಎಂದ.

"ನೋವು ಅಂತ ಕೂತ್ಕಂಡ್ರೆ ಕೆಲ್ಸ ಬಂದದೇನ್ಲಾ?" ಎಂದೆ.

ಈ ಜ್ಞಾನ ನನಗೆ ಮೊಬೈಲಿನಿಂದ ಬಂದಿತ್ತು. ಅದರಲ್ಲೊಬ್ಬ ಕಟ್ಟುಮಸ್ತಾದ ಮನುಷ್ಯ, ನೋವಾಯಿತೆಂದು ನಿಲ್ಲಿಸುವವನು ಹೇಡಿ ಎಂದು ದಿನಾ ಗುಡುಗುತ್ತಿದ್ದ. ಅವನು ಯಾವ ಕಂಬ ಹತ್ತಿದ್ದನೋ, ನಾನು ಕೇಳಲಿಲ್ಲ.

ಮಂಜ ಮನೆಗೆ ಹೋದ. ನಾನು ಹತ್ತಿದೆ. ಮಾರನೆಯ ದಿನವೂ ಹತ್ತಿದೆ, ಅದರ ಮಾರನೆಯ ದಿನವೂ. ಗಾಯದ ಮೇಲೆ ಗಾಯವಾಗಿ ಕಾಲಗಲಿಸಿಕೊಂಡು ನಡೆಯುವಂತಾಯಿತು. ಪಕ್ಕದ ಮನೆಯ ಪುಟ್ಟಮ್ಮ ನನ್ನ ನಡಿಗೆ ನೋಡಿ ಜಗಲಿಯಿಂದಲೇ ಕೇಳಿದರು.

"ಯಾಕಪ್ಪಾ, ಆಪ್ರೇಸನ್ ಮಾಡುಸ್ಕಂಡ್ಯಾ? ಇನ್ನೊಂದು ಮಗೀಗೆ ಕಾಯ್ಬೋದಿತ್ತಲ್ಲ."

ಸಂಜೆಯೊಳಗೆ ಇಡೀ ಬೀದಿಯ ಗಂಡಸರು ನನ್ನನ್ನು ಕನಿಕರದಿಂದ ನೋಡತೊಡಗಿದರು.

ಹೆಂಡತಿ ಸವಿತಾ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಕೊಟ್ಟಳು. "ಗಾಯ ಒಣುಗ್ಲಿ, ಆಮೇಲೆ ಕಂಬ ಅತ್ತಿ. ಯಾರು ಬ್ಯಾಡ ಅಂದರು?"

"ನಿಂಗೆ ಗೊತ್ತಾಗಲ್ಲ. ಇದು ತರಬೇತಿ."

"ತರಬೇತಿ ಅಂದ್ರೆ ಮೈ ಗಟ್ಟಿ ಆಗ್ಬೇಕು ಕಣ್ರೀ. ನಿಮ್ದು ಸುಲ್ಕಂಡು ಬತ್ತಾ ಅದೆ."

ಅವಳಿಗೆ ಉತ್ತರ ಕೊಡಲೆಂದೇ ಮರುದಿನ ಇನ್ನೂ ಹೆಚ್ಚು ಸಲ ಹತ್ತಿದೆ. ಓಡಿ ನೋಡುವ ಸ್ಥಿತಿಯಲ್ಲಂತೂ ನಾನಿರಲಿಲ್ಲ.

ಪರೀಕ್ಷೆಯ ದಿನ ತೊಡೆಗಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಹೋದೆ. ಮೇಲ್ವಿಚಾರಕರು, "ಏನೂ ಕಟ್ಕೊಂಡು ಹತ್ತೋ ಹಾಗಿಲ್ಲ, ಬಿಚ್ಚಿ" ಎಂದರು. ಬಿಚ್ಚಿದೆ. ಬಟ್ಟೆಯ ಜೊತೆ ಹಕ್ಕಳೆಯೂ ಕಿತ್ತುಬಂತು. ಹಲ್ಲು ಕಚ್ಚಿಕೊಂಡು ಹತ್ತಿದೆ. ಅರ್ಧದಲ್ಲಿ ಕಣ್ಣು ಕತ್ತಲಿಟ್ಟಿತು. ಆದರೂ ಹೊತ್ತು ಮುಗಿಯುವ ಮೊದಲೇ ತುದಿ ಮುಟ್ಟಿದೆ. ಕೆಳಗೆ ಯಾರೋ ಶಿಳ್ಳೆ ಹೊಡೆದರು. ಆ ಒಂದು ಗಳಿಗೆ ಸವಿತಾ, ಮಂಜ, ಪುಟ್ಟಮ್ಮ ಎಲ್ಲರೂ ನನ್ನೆದುರು ಸೋತಿದ್ದರು.

ಮಂಜನೂ ಹತ್ತಿದ, ನನಗಿಂತ ನಿಧಾನವಾಗಿ.

ಆಮೇಲೆ ಓಟ. ಸೀಟಿ ಊದಿದ್ದೇ ಎಲ್ಲರೂ ಓಡಿದರು. ನಾನು ಹೊರಟೆ. ಹೆಜ್ಜೆ ಹೆಜ್ಜೆಗೂ ತೊಡೆಗೆ ತೊಡೆ ಉಜ್ಜಿ ಬೆಂಕಿ ಇಟ್ಟಂತಾಯಿತು. ನಾನು ಕಾಲಗಲಿಸಿ ಓಡುವುದನ್ನು ನೋಡಿ ಮೈದಾನದಂಚಿನಲ್ಲಿದ್ದವರು ನಕ್ಕರು. ಮಂಜ ನನ್ನನ್ನು ದಾಟುತ್ತಾ, "ಬಾರ್ಲಾ, ಇನ್ನೊಂದೇ ಸುತ್ತು" ಎಂದ. ಅವನಿಗೆ ಒಂದು, ನನಗೆ ಎರಡು. ನಾನು ಕೊನೆ ಮುಟ್ಟುವ ಹೊತ್ತಿಗೆ ಮುಂದಿನ ಗುಂಪಿನವರು ಸಾಲಾಗಿ ನಿಂತು, ನಾನು ದಾರಿ ಬಿಡಲೆಂದು ಕಾಯುತ್ತಿದ್ದರು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಊರಿಗೆ ಬಂದೆ. ಸವಿತಾ ಮುದ್ದೆ ಇಕ್ಕಿದಳು.

"ಕಂಬ ಪಾಸಾದೆ" ಎಂದೆ.

"ಊ, ಉಣ್ಣಿ" ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಂಜನಿಗೆ ಕೆಲಸ ಸಿಕ್ಕಿತು. ನಮ್ಮ ಬಸರಾಳಿಗೇ ಹಾಕಿದರು. ನಾನು ಇನ್ನೂ ಮೀಟರ್ ಓದುತ್ತಿದ್ದೇನೆ. ಎಲ್ಲಾದರೂ ಕೆಟ್ಟ ಮೀಟರ್ ಕಂಡರೆ ಅವನಿಗೆ ಹೇಳಬೇಕು. ಹೇಳುವಾಗ "ಸಾರ್" ಅನ್ನುತ್ತೇನೆ. ಇಬ್ಬರೇ ಇದ್ದರೆ, "ಸಾರು ಗೀರು ಯಾಕ್ಲಾ, ಬುಡು" ಅನ್ನುತ್ತಾನೆ.

ಜನರ ಎದುರು ಅವನು ಹಾಗನ್ನುವುದಿಲ್ಲ.