ಭಾವನ ನ್ಯಾನೊ ಪಾರ್ಸೆಲ್

ಇಡೀ ಕುವೈತಿನಲ್ಲಿ ನಮ್ಮ ಭಾವ ನಂಬದವರೆಂದರೆ ಪಾರ್ಸೆಲ್ ಡ್ರೈವರುಗಳು. ಸುಲೈಬಿಯಾದ ಗೋದಾಮಿನಿಂದ ಅವರನ್ನು ಅಟ್ಟುವವರೇ ಇವರು, ಗೊತ್ತಿರದೆ ಇರುತ್ತದೆಯೇ! ಬ್ಲಾಕು, ಬೀದಿ, ಮನೆ ನಂಬರು ಬರೆದುಕೊಟ್ಟರೂ "ಭಾಯಿ, ಲೊಕೇಶನ್ ಭೇಜೋ" ಅನ್ನುತ್ತಾರಂತೆ. ಪಾರ್ಸೆಲ್ ವಾಪಸ್ ತಂದು, ಚೀಟಿಯಲ್ಲಿ 'ಮನೆಯಲ್ಲಿ ಯಾರೂ ಇಲ್ಲ' ಎಂದು ಗೀಚಿದರೆ ಮುಗಿಯಿತು. "ಸುಳ್ಳು! ಯಲ್ಲಾ, ಇನ್ನೊಂದ್ಸಲ ಹೋಗು!" ಎಂದು ಭಾವ ಅರಬ್ಬಿ ಬೆರೆಸಿ ಗದರುತ್ತಾರೆ. ಮೂರು ಸಲ ಹೋಗಲೇಬೇಕೆಂಬುದು ಗೋದಾಮಿನ ಕಾನೂನು.

ಇಂಥವರ ಹೆಂಡತಿಗೆ, ಅಂದರೆ ನನ್ನ ಅಕ್ಕನಿಗೆ, ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ. ಕುವೈತಿನ ಆಸ್ಪತ್ರೆಯಲ್ಲಿದ್ದ ದಾವಣಗೆರೆ ಕಡೆಯ ಡಾಕ್ಟರು ತಾಳ್ಮೆಯಿಂದ ವಿವರಿಸಿದರು: ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ನ್ಯಾನೊ ಕಣಗಳಲ್ಲಿ ಔಷಧಿ ತುಂಬಿ ರಕ್ತಕ್ಕೆ ಬಿಡುತ್ತಾರೆ, ಗಡ್ಡೆಯ ರಕ್ತನಾಳಗಳು ಸೋರುವುದರಿಂದ ಕಣಗಳು ಅಲ್ಲಿ ನುಸುಳಿಕೊಳ್ಳುತ್ತವೆ.

"ಅಡ್ರೆಸ್ ಯಾರು ಹೇಳ್ತಾರೆ ಡಾಕ್ಟ್ರೇ?" ಎಂದರು ಭಾವ.

"ಯಾರೂ ಹೇಳಲ್ಲ ಸಾರ್. ಸುತ್ತಾಡ್ತಾ ಸಿಗುತ್ತೆ."

"ಎಲ್ಲಾ ಅಲ್ಲಿಗೇ ಹೋಗ್ತವಾ?"

"ಇಲ್ಲ, ಬಹಳಷ್ಟು ಲಿವರ್‌ನಲ್ಲೇ ಉಳ್ಕೊಂಡ್ಬಿಡ್ತವೆ."

"ಅಂದ್ರೆ ಕಸ್ಟಮ್ಸ್‌ನಲ್ಲೇ ಮಾಲು ಖಲಾಸ್!"

ನನಗೆ ನಾಚಿಕೆಯಿಂದ ಸಾಕುಸಾಕಾಯಿತು. ಮೊದಲ ಔಷಧಿಯ ದಿನ ಭಾವ ಗೋದಾಮಿನಿಂದ ಕೆಂಪು ಬಾಣದ ಸ್ಟಿಕರ್ ತಂದು ಅಕ್ಕನ ಹೊಟ್ಟೆಯ ಮೇಲಿನ ಹೊದಿಕೆಗೆ ಅಂಟಿಸಿಯೇಬಿಟ್ಟರು. ಇದೇನೆಂದು ನರ್ಸ್ ಕೇಳಿದ್ದಕ್ಕೆ, "ಲ್ಯಾಂಡ್‌ಮಾರ್ಕ್ ಸಿಸ್ಟರ್!"

"ಭಾವ, ಇದು ಆಸ್ಪತ್ರೆ, ನಿಮ್ಮ ಗೋದಾಮಲ್ಲ" ಎಂದು ರೇಗಿದೆ.

ಅಕ್ಕ ಮಾತ್ರ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡೇ. ಔಷಧಿಗೂ ದಾರಿ ಗೊತ್ತಾಗ್ಲಿ."

ಮೂರು ಸಲ ಔಷಧಿ ಹೋಯಿತು. ಅಕ್ಕನ ಅಂಗೈ ಸುಲಿಯಿತು, ಬಾಯಿ ಹುಣ್ಣಾಯಿತು. ಬೇಡದ ಕಡೆಗೆಲ್ಲ ತಲುಪಿದ ಔಷಧಿಗೆ ಗಡ್ಡೆಯೊಂದೇ ಸಿಗಲಿಲ್ಲವೇ? ಸ್ಕ್ಯಾನಿನಲ್ಲಿ ಅದು ಇನ್ನೂ ಬೆಳೆದು ಕೂತಿತ್ತು. ಈ ಕಣಗಳನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

"ಇದನ್ನ ನಿಲ್ಲಿಸ್ತೀವಿ. ಬೇರೆ ಔಷಧಿನೂ ಉಳಿದಿಲ್ಲ. ಇನ್ನು ನೋವು ಕಡಿಮೆ ಮಾಡೋದಷ್ಟೇ" ಎಂದರು ಡಾಕ್ಟರು.

ಭಾವ ಜಗಳ ತೆಗೆಯುತ್ತಾರೆಂದು ನಾನು ಅವರ ತೋಳು ಹಿಡಿದುಕೊಂಡೆ. ಅವರು ಜಗಳವಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕನ ಹೆಗಲ ಮೇಲೆ ಕೈಯಿಟ್ಟರು. ಡ್ರೈವರುಗಳ ಮುಂದೆ ಎಂದೂ ತಗ್ಗದ ದನಿ ಅಂದು ಕೇಳಿಸದಷ್ಟು ತಗ್ಗಿತ್ತು.

"ಇನ್ನೊಂದೇ ಒಂದ್ಸಲ ಕಳ್ಸಿ ಡಾಕ್ಟ್ರೇ. ಮನೇಲೇ ಇದಾಳೆ ಇವಳು. ನೋಡಿ, ಇಲ್ಲೇ ಇದಾಳೆ."