ಸೂಜಿಗಲ್ಲಿಗೆ ಅಗ್ನಿಸ್ನಾನ

ಮನೆಯಲ್ಲಿ ಯಾವ ವಸ್ತು ಕೆಟ್ಟರೂ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತದೆ ನಾನೇ ಸರಿಮಾಡುತ್ತೇನೆಂದು ಶಪಥ ಮಾಡಿದ್ದೆ. ಕೆಡುವವರೆಗೆ ಕಾಯುವ ತಾಳ್ಮೆಯೊಂದು ಇರಲಿಲ್ಲ; ಚೆನ್ನಾಗಿರುವುದನ್ನೂ ಸರಿಮಾಡಿಬಿಡುತ್ತಿದ್ದೆ!

ನನ್ನ ಹೆಂಡತಿ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಕಾರ್ಪೆಟ್ಟಿನ ಮೇಲೆ ಬಿದ್ದ ಗುಂಡುಸೂಜಿಗಳನ್ನು ಎತ್ತಲು ಅವಳ ಬಳಿ ಒಂದು ಆಯಸ್ಕಾಂತವಿತ್ತು. ಮೋಟರ್ ಕಾರ್ಖಾನೆಯಲ್ಲಿರುವ ಅವಳ ತಮ್ಮ ಕೊಟ್ಟದ್ದು. ಹನ್ನೆರಡು ವರ್ಷ ಒಂದು ದಿನವೂ ರಜೆ ಕೇಳದೆ ದುಡಿದಿತ್ತು. ಆದರೆ ಮೈತುಂಬ ನೂಲು, ಅಂಟು, ಮೇಣ.

"ಇದನ್ನ ಸ್ವಲ್ಪ ಒರೆಸಿಕೊಡ್ತೀರಾ?" ಎಂದಳು. "ನಾಲ್ಕಕ್ಕೆ ಸ್ಕೂಲಿನ ಹೆಡ್‌ಮೇಡಂ ಕೋಟು ಹಾಕಿ ನೋಡೋಕೆ ಬರ್ತಾರೆ. ಹಿಂದಿನ ಅಂಗಡೀಲಿ ಹಿಮ್ಮಡಿಗೆ ಸೂಜಿ ಚುಚ್ಚಿತು ಅಂತಲೇ ಅವರು ನನ್ನ ಹತ್ರ ಬಂದಿರೋದು."

ಒರೆಸುವುದೇ? ನನ್ನಂಥವನು? ಇಕ್ಕಳದಲ್ಲಿ ಹಿಡಿದು ಸೀದಾ ಒಲೆಯ ಉರಿಗೆ ಒಡ್ಡಿದೆ! ಅಂಟು ಚಟಪಟನೆ ಸುಟ್ಟಿತು. ಮೊದಲು ಇಕ್ಕಳವನ್ನೇ ಕಚ್ಚಿ ಹಿಡಿದಿದ್ದ ಆಯಸ್ಕಾಂತ ಸ್ವಲ್ಪ ಹೊತ್ತಿಗೆ ತಾನಾಗಿಯೇ ಸಡಿಲವಾಯಿತು. ಮೊಂಡುತನ ಬಿಟ್ಟಿತು ಎಂದು ಬೀಗಿದೆ.

ಆರಿದ ಮೇಲೆ, "ಬಾ, ತಮಾಷೆ ನೋಡು!" ಎಂದು ಕೂಗಿ, ಗುಂಡುಸೂಜಿಯ ಡಬ್ಬಿಯನ್ನೇ ಕಾರ್ಪೆಟ್ಟಿನ ಮೇಲೆ ಬೋರಲು ಹಾಕಿದೆ. ಆಯಸ್ಕಾಂತವನ್ನು ಮಂತ್ರದಂಡದಂತೆ ಆಡಿಸಿದೆ. ಒಂದೇ ಒಂದು ಸೂಜಿ ಮಿಸುಕಬೇಕಲ್ಲ!

"ಏನ್ ಮಾಡಿದ್ರಿ ಅದಕ್ಕೆ?"

"ಸ್ನಾನ ಮಾಡಿಸ್ದೆ... ಸ್ವಲ್ಪ ಬಿಸಿಯಾಗಿ."

ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಆಯಸ್ಕಾಂತದ ಚಿಟ್ಟೆಯನ್ನು ಕಿತ್ತು ತಂದೆ. ಚಿಟ್ಟೆ ನಾಲ್ಕು ಸೂಜಿ ಎತ್ತಿ ಸುಸ್ತಾಯಿತು. ಅದು ಹಿಡಿದಿದ್ದ ಹೆಡ್‌ಮೇಡಂ ಅಳತೆಯ ಚೀಟಿ ಫ್ರಿಜ್ಜಿನ ಹಿಂದೆ ಬಿತ್ತು! ಕೊನೆಗೆ ಭಾವಮೈದನಿಗೇ ಫೋನ್ ಮಾಡಿದೆ.

"ಅಯ್ಯೋ ಭಾವ! ಅದರೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಪುಟ್ಟ ಆಯಸ್ಕಾಂತಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರ್ತವೆ. ಅದೇ ಅದರ ಶಕ್ತಿ. ನೀವು ಸುಟ್ಟಿದ್ದಕ್ಕೆ ಒಂದೊಂದೂ ಒಂದೊಂದು ಕಡೆ ಮುಖ ತಿರುಗಿಸಿಕೊಂಡಿವೆ."

"ನಿಮ್ಮಕ್ಕನೂ ತಿರುಗಿಸಿಕೊಂಡಿದ್ದಾಳಪ್ಪಾ! ಮತ್ತೆ ಒಂದು ಮಾಡೋದು ಹೇಗೆ?"

"ಕಾರ್ಖಾನೇಲಿ ತಂತಿ ಸುರುಳಿಯೊಳಗಿಟ್ಟು ಸಾವಿರಾರು ಆಂಪಿಯರ್ ಕರೆಂಟನ್ನ ಒಂದೇ ಏಟಿಗೆ ಹರಿಸ್ತೀವಿ. ದಮ್ಮಯ್ಯ, ಮನೇಲಿ ಆ ಸಾಹಸ ಬೇಡ! ಸುಡದೆ ಬಿಟ್ಟಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರ್ತಿತ್ತು."

ಆಗಲೇ ಮೂರೂವರೆ. ಹೆಂಡತಿ ಬೆರಳಿನಿಂದ ನೆಲ ತೋರಿಸಿದಳು. ಮೊಣಕಾಲೂರಿದೆ. ಕಣ್ಣಿಗೆ ಕಾಣದ ಸೂಜಿಗಳನ್ನು ಮಂಡಿಯೇ ಹುಡುಕಿಕೊಟ್ಟಿತು, ಪ್ರತಿ ಸಲವೂ "ಅಮ್ಮಾ!" ಎನ್ನಿಸಿ!

ಕೊನೆಯ ಹಿಡಿ ಆಯುತ್ತಿದ್ದಾಗ ಬಾಗಿಲಲ್ಲಿ ಹೆಡ್‌ಮೇಡಂ! ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು.

"ಮೊಣಕಾಲೂರಿಸೋ ಶಿಕ್ಷೆಯನ್ನ ನಮ್ಮ ಸ್ಕೂಲಲ್ಲಿ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಸೂಜಿ ಎತ್ತೋಕೆ ಒಂದು ಆಯಸ್ಕಾಂತ ಇಟ್ಕೊಂಡಿಲ್ವೇನಮ್ಮಾ?"

"ಇತ್ತು ಮೇಡಂ," ಎಂದಳು ಹೆಂಡತಿ, ಟೇಪು ಕೊರಳಿಗೆ ಹಾಕಿಕೊಳ್ಳುತ್ತ. "ಆಯಸ್ಸು ಮುಗೀತು. ಈಗ ಬರೀ ಕಾಂತನಿಂದಲೇ ಕೆಲಸ ನಡೀತಿದೆ!"